ಆಚೆ

ಎಸ್ಟೋನಿಯಾದ ಈ ದಿಣ್ಣೆಯಲ್ಲಿ ಮಣ್ಣು ಒಂದೇ ಗೇಣು.
ಗುದ್ದಲಿ ಹಾಕಿದರೆ ಠಣ್ಣೆನ್ನುವ ಸುಣ್ಣಕಲ್ಲು,
ಕಲ್ಲಿನ ಮೈತುಂಬ ಬಿರುಕು.
ಆಲೂಗಡ್ಡೆಗೆ ಸಾಕು ಅಷ್ಟು ಮಣ್ಣು.
ಗುಟ್ಟು ಹೂಳಲು ಸಾಲದು.

ಚಳಿ ಬೀಳುವ ಮುಂಚೆ ಹೈನೋ
ಟ್ರ್ಯಾಕ್ಟರಿನ ಎಣ್ಣೆ ಬದಲಿಸುತ್ತಿದ್ದ.
ಈ ಹಳೇದನ್ನ ಏನು ಮಾಡಲೇ?
ಆಚೆ ಚೆಲ್ಲು, ಅನ್ನುತ್ತಿದ್ದೆ
ರೈ ಹಿಟ್ಟು ನಾದುತ್ತ, ತಲೆಯೆತ್ತದೆ.
ಕೊಟ್ಟಿಗೆಯ ಹಿಂದೆ ಮರಳಿನ ಗುಂಡಿ.
ಕೊಟ್ಟಷ್ಟೂ ಕುಡಿಯಿತು, ಒಮ್ಮೆಯೂ ತೇಗಲಿಲ್ಲ.

ಕುಂಚ ತೊಳೆದ ಟರ್ಪೆಂಟೈನು, ಆಚೆ.
ಅತ್ತೆ ತೀರಿಕೊಂಡ ಮೇಲೆ ಉಳಿದ ಮಾತ್ರೆ ಮೂರು ಡಬ್ಬಿ,
ಕಕ್ಕಸಿಗೆ ಸುರಿದು ಸರಪಳಿ ಎಳೆದೆ.
ಕಕ್ಕಸಿನ ಗುಂಡಿ ಬಳಿಸಿದ್ದು ಯಾವಾಗ?
ಮಗಳ ಮದುವೆಯ ವರ್ಷ.
ಈಗ ಮೊಮ್ಮಗನಿಗೆ ಮೀಸೆ.

ಮಿಲ್ವಿಯ ಬಾವಿ ಇಳಿಜಾರಿನಲ್ಲಿ,
ನಮ್ಮ ಬಾಗಿಲಿಂದ ಎಂಬತ್ತು ಹೆಜ್ಜೆ.
ಅವಳ ನೀರಲ್ಲೇನೋ ಇದೆಯೆಂದು
ಪಟ್ಟಣದಿಂದ ಬಂದಳು ಕೈರಿತ್ ಎಂಬ ಹುಡುಗಿ,
ಕಾರಿನ ತುಂಬ ಖಾಲಿ ಬಾಟಲಿಗಳ ಕಿಣಿಕಿಣಿ.
ಇಟ್ಟಿಗೆಪುಡಿಯಂಥದ್ದೊಂದು ಚಮಚ
ನಮ್ಮ ಕಕ್ಕಸಿಗೆ ಹಾಕಿ ನೀರು ಬಿಟ್ಟಳು.
ನೀರು ತಾಗಿದರೆ ಬಣ್ಣ ಬದಲುತ್ತೆ ಅಜ್ಜಿ, ನೋಡ್ತಿರಿ.
ನೋಡಮ್ಮ, ನೋಡು, ಎಂದು ನಕ್ಕು
ಅವಳಿಗೆ ಬ್ರೆಡ್ಡು ಕೊಯ್ದುಕೊಟ್ಟೆ.

ಅದು ಸೋಮವಾರ.
ಗುರುವಾರ ಬೆಳಿಗ್ಗೆ ಮಿಲ್ವಿ ನಿಂತಿದ್ದಳು ಹೊಸಿಲಲ್ಲಿ,
ಕೈಯಲ್ಲಿ ಸೌತೆಕಾಯಿ ಹಾಕಿಡುವ ಗಾಜಿನ ಜಾಡಿ,
ಜಾಡಿಯ ತುಂಬ ಹಸಿರು.
ಮೇ ತಿಂಗಳಲ್ಲಿ ಬರ್ಚ್ ಮರ
ಮೊದಲ ಸಲ ಕಣ್ಣು ಬಿಡುತ್ತದಲ್ಲ, ಆ ಹಸಿರು.
ಚೆಂದವಿತ್ತು, ಸುಳ್ಳು ಯಾಕೆ ಹೇಳಲಿ.
ಬೈಯಲಿಲ್ಲ ಅವಳು.
ಕಿಟಕಿಯ ಕಟ್ಟೆಯ ಮೇಲಿಟ್ಟು
ಜಾಡಿ ವಾಪಸು ಬೇಕು, ಅಂದು ಹೋದಳು.

ನಲವತ್ತು ವರ್ಷ ನಾನು ಆಚೆ ಆಚೆ ಎಂದದ್ದು
ಆಚೆಮನೆಗೆ.
ಆ ನೀರಲ್ಲೇ ಅವಳು ಕಾಫಿ ಕಾಸಿ ತಂದಿದ್ದಳು
ಹೈನೋ ಮಣ್ಣಾದ ದಿನ.
ಎರಡು ಲೋಟ ಕುಡಿದಿದ್ದೆ.
ಬೇಡ ಬೇಡ ಅನ್ನುತ್ತಲೇ ಮತ್ತರ್ಧ.

ಈಗ ಗುಂಡಿ ಬಳಿಸಿದ್ದಾಯಿತು.
ಕೊಟ್ಟಿಗೆಯ ಹಿಂದಿನ ಕರಿ ಮರಳನ್ನು ಲಾರಿ ಹೊತ್ತೊಯ್ದಿತು,
ಎರಡು ತಿಂಗಳ ಪಿಂಚಣಿಯನ್ನೂ.
ನನ್ನ ಬಿ.ಪಿ.ಯ ಹಳೇ ಮಾತ್ರೆ ಔಷಧದಂಗಡಿಗೇ ಒಪ್ಪಿಸಿದೆ.
ಅಂಗಡಿಯ ಹುಡುಗ, ಪಾಪ,
ಸತ್ತದ್ದು ಯಾರು ಎಂದು ಕೇಳಿದ.

ಇವತ್ತು ಜಾಡಿ ಹಿಂದಿರುಗಿಸಬೇಕು.
ಬರಿಗೈಲಿ ಹೇಗೆ, ಒಳಗೆ ಜೇನು ತುಂಬಿ ಕೊಡೋಣ ಅಂತ
ಮುಚ್ಚಳ ತೆಗೆದಿದ್ದೇನೆ.
ಬಚ್ಚಲ ಬಳಿ ಬಂದು ನಿಂತು ಎಷ್ಟೋ ಹೊತ್ತಾಯಿತು.
ತುಂಬಿದ ಜಾಡಿ, ಕೈ ಸೋಲುತ್ತಿದೆ.
ಎಲ್ಲಿ ಚೆಲ್ಲಲಿ ಇದನ್ನ?