ಒಂಬತ್ತು ರಾತ್ರಿಗೆ ಒಂದು ಕೇರಿ

ಊಟದ ಮೇಜಿನ ಮೇಲೆ ಗ್ಲ್ಯಾಸ್ಗೊ ಹರಡಿಕೊಂಡಿತ್ತು,
ಹಳೆಯ ಕ್ಯಾಲೆಂಡರಿನ ಬೆನ್ನಿಗೆ ನಾನೇ ಬರೆದದ್ದು:
ನಡುವೆ ಹೊಳೆ, ಕ್ಲೈಡ್ ಅಂತೆ,
ಸುತ್ತ ಸುರಂಗ ರೈಲಿನ ಗುಂಡು ಬಳೆ.
ಕೈಗೆಟುಕುವ ಮನೆಗೆ ಒಂದು ತೊಗರಿಬೇಳೆ,
ಎಟುಕದ್ದಕ್ಕೆ ಗೋಡಂಬಿ,
ಯಾರೋ ಬೇಡ ಅಂದ ಕಡೆ
ಒಂದೊಂದು ಒಣಮೆಣಸಿನಕಾಯಿ.

ಮೂವರು ನಾವು. ವಿಮಾ ಕಚೇರಿಯಲ್ಲಿ ಕೂತು
ಮೂವತ್ತೊಂದು ವರ್ಷ
ಊರವರ ಅಪಾಯಕ್ಕೆಲ್ಲ ಬೆಲೆ ಕಟ್ಟಿದವರು.
ನಮ್ಮದಕ್ಕೆ ಕಟ್ಟುವಾಗ ಲೆಕ್ಕ ತಪ್ಪುತ್ತಿತ್ತು.

ಇಂದುಮತಿಗೆ ಮೊಣಕಾಲು; ಮಹಡಿ ಆಗದು.
ನನಗೆ ಕತ್ತಲು; ನಿಲ್ದಾಣದಿಂದ ಬಾಗಿಲವರೆಗೆ
ದೀಪದ ಕಂಬ ಎಷ್ಟೆಂದು
ಬೀದಿಯ ಚಿತ್ರ ಹಿಗ್ಗಿಸಿ ಎಣಿಸಿದೆ.
ಹನ್ನೊಂದು. ಒಂದು ಮರದ ಹಿಂದೆ.
ಫಿಲೋಮಿನಾಗೆ ಏನೂ ಬೇಡ,
ಮೀನು ಹುರಿದರೆ ಬೈಯದ ಅಡುಗೆಮನೆ ಬಿಟ್ಟು.

ಪಶ್ಚಿಮದ ಕಡೆ ಚೆಂದವಂತೆ, ಅಂದಳು ಇಂದುಮತಿ.
ದರ ನೋಡಿ
ಗೋಡಂಬಿಯನ್ನು ಬಾಯಿಗೆ ಹಾಕಿಕೊಂಡಳು.
ಪೇಟೆಯ ನಡುಮಧ್ಯ ಅನುಕೂಲ, ಆದರೆ ಕೆಳಗೆ ಬಾರು,
ಶನಿವಾರ ನಿದ್ದೆಯ ಆಸೆ ಬಿಡಿ ಎಂದು
ಉಳಿದು ಹೋದವರ ಶಾಪ.
ದೂರದ್ದು ಅಗ್ಗ; ಕೊನೆಯ ಬಸ್ಸು ತಪ್ಪಿದರೆ
ಉಳಿಸಿದ್ದೆಲ್ಲ ಟ್ಯಾಕ್ಸಿಗೆ.

ಮಿಕ್ಕದ್ದು ಪೂರ್ವಕ್ಕೆ, ಡೆನಿಸ್ಟೌನಿನಲ್ಲಿ.
ನೆಲಮಹಡಿ. ರೈಲಿಗೆ ಆರು ನಿಮಿಷ,
ಇಂದುಮತಿಯ ಕಾಲಲ್ಲಿ ಹದಿನಾಲ್ಕು.
ಯಾರೋ ಬರೆದಿದ್ದ: ಮನೆ ಶುಭ್ರ, ಚಾದರ ಬಿಳಿ,
ಆದರೆ ಓಣಿಯಲ್ಲಿ ಎಲ್ಲ ಥರದ ಜನ.
ಎರಡು ಚುಕ್ಕೆ.

ನಾನು ಮೆಣಸಿನಕಾಯಿ ಎತ್ತಿಕೊಂಡೆ.
‘ಇಡು ಕೆಳಗೆ’ ಅಂದಳು ಫಿಲೋಮಿನಾ.
‘ಹುಬ್ಬಳ್ಳಿಗೆ ವರ್ಗವಾಗಿ ಬಂದ ವರ್ಷ
ಹನ್ನೆರಡು ಮನೆ ನೋಡಿದೆ. ಎಲ್ಲ ಒಳ್ಳೆ ಏರಿಯಾ.
ನೀರು ಉಂಟು, ಗಾಳಿ ಉಂಟು, ನಿಮ್ಮ ಹೆಸರೇನು ಅಂದರು.
ಹೇಳಿದೆ. ಗಾಳಿ ನಿಂತುಹೋಯಿತು.
ಕಡೆಗೆ ಸಿಕ್ಕಿದ್ದು
ಎಲ್ಲ ಥರದ ಜನ ಇದ್ದ ಓಣಿಯಲ್ಲೇ.
ಇಪ್ಪತ್ತಾರು ವರ್ಷ. ಒಂದು ಚಮಚ ಕಳುವಾಗಿಲ್ಲ.
ಹಾಂ, ಒಂದು ಕೋಳಿ.’

ಎಲ್ಲಿದ್ದೆ ನಾನು ಆಗ? ಎರಡು ಬೀದಿ ಆಚೆ.
ಮಾವನವರ ಮಹಡಿಮನೆಯ ಗೇಟಿನಲ್ಲಿ
‘ಬಾಡಿಗೆಗಿದೆ’ ನೇತಾಡುತ್ತಿತ್ತು.
ನೋಡಲು ಬಂದವರ ಹೆಸರು ಕೇಳುವ ಕೆಲಸ ನನ್ನದು.
ಅವಳು ಅಲ್ಲಿಗೂ ಬಂದಿದ್ದಳೋ ಏನೋ,
ನಾನು ಕೇಳಲಿಲ್ಲ. ಅವಳು ಹೇಳಲಿಲ್ಲ.
ಹಣ ಕಟ್ಟಿದೆವು.

ಅಕ್ಟೋಬರು. ಏಳಕ್ಕೇ ಕತ್ತಲು ಇಳಿದಿತ್ತು,
ಹನ್ನೊಂದರಲ್ಲಿ ಎರಡು ದೀಪ ಕೆಟ್ಟಿದ್ದವು.
ಕೀಲಿಯ ಪುಟ್ಟ ಪೆಟ್ಟಿಗೆ ಗೋಡೆಗೆ ಕಚ್ಚಿಕೊಂಡಿತ್ತು.
ನಾಲ್ಕಂಕಿ ತಿರುಗಿಸಿದೆವು, ಬಾಯಿ ಬಿಡಲಿಲ್ಲ.
ಕನ್ನಡಕ ಬದಲಿಸಿ, ಮತ್ತೆ.
ಪಕ್ಕದ ಕಿಟಕಿಯ ಪರದೆ ಒಂದು ಗೇಣು ಸರಿಯಿತು.

ನೈಟಿಯ ಮೇಲೆ ಕೋಟು ತೊಟ್ಟ ಮುದುಕಿ
ಹೊಸ್ತಿಲಲ್ಲಿ ನಿಂತು
ನಮ್ಮನ್ನು, ಆರು ಚೀಲಗಳನ್ನು,
ಮೊಬೈಲಿನ ಬೆಳಕು ಹಿಡಿದ ಇಂದುಮತಿಯನ್ನು
ಒಂದೊಂದಾಗಿ ಎಣಿಸಿದಳು,
ನಾನು ಕಂಬ ಎಣಿಸಿದ ಹಾಗೆ.

ಹೆಸರು ಕೇಳಲಿಲ್ಲ. ‘ಎಷ್ಟು ರಾತ್ರಿ?’
ಒಂಬತ್ತು.
‘ಹೋದ ವಾರದವರು ಬೆಳಗಿನ ಮೂರರವರೆಗೆ ಕುಣಿದರು.
ಈ ಮನೆಯಲ್ಲಿ ಐಲೀನ್ ಇದ್ದಳು, ನಲವತ್ತು ವರ್ಷ.
ಈಗ ಬುಧವಾರಕ್ಕೊಬ್ಬರು, ಶುಕ್ರವಾರಕ್ಕೊಬ್ಬರು.
ಯಾರಿಗೆ ಹೆದರಿ ಚಿಲಕ ಹಾಕಲಿ?’
ಅಂದು, ಪೆಟ್ಟಿಗೆಯ ಪಕ್ಕೆಗೆ ಮುಷ್ಟಿಯಿಂದ ಗುದ್ದಿದಳು.
ಕೀಲಿ ಉದುರಿತು.

‘ಮೆಣಸಿನಕಾಯಿ’ ಎಂದಳು ಫಿಲೋಮಿನಾ,
ನನ್ನ ಕಿವಿಯಲ್ಲಿ, ಕನ್ನಡದಲ್ಲಿ.

ಚೀಲಗಳ ಚಕ್ರ ಉರುಳಿಸದೆ ಎತ್ತಿಕೊಂಡೇ ಒಳಗೊಯ್ದೆವು.
ಎರಡು ದಿನ ಕಾಲುಚೀಲದಲ್ಲೇ ಓಡಾಟ,
ಬಚ್ಚಲ ನಲ್ಲಿಯನ್ನೂ ಮೆಲ್ಲಗೆ ತಿರುಗಿಸಿ.
ಮೂರನೆಯ ದಿನ ಬಂಗುಡೆ ಸಿಕ್ಕಿತು.
ಕಿಟಕಿ ತೆರೆದೆ, ಹೊಗೆ ಅವಳ ಕಿಟಕಿಯ ಕಡೆಗೇ ಹೋಯಿತು.
ಬಾಗಿಲು ಬಡಿದ ಸದ್ದು.

ಇಂದುಮತಿ ನನ್ನನ್ನು ನೋಡಿದಳು, ನಾನು ಬಾಣಲೆಯನ್ನು.
ಫಿಲೋಮಿನಾ ಒಲೆ ಆರಿಸಲಿಲ್ಲ.
ಸೌಟು ಕೈಯಲ್ಲೇ ಹಿಡಿದು
ಬಾಗಿಲ ಕಡೆ ನಡೆದಳು.