ಒಂದು ಕಡೆ ವಾಲಿದ ತೂಕ

ಎಸ್.ಪಿ. ರಸ್ತೆಯಲ್ಲಿ ಒಂದು ಮೆಟ್ಟಿಲ ಕೆಳಗೆ ನನ್ನ ಅಂಗಡಿ.
ಕೈ ಚಾಚಿದರೆ ಎರಡೂ ಗೋಡೆ.
ಬಂದವರು ನಿಂತೇ ಹೇಳಬೇಕು, ನಿಂತೇ ಕಾಯಬೇಕು.

ಕಬ್ಬನ್‌ಪೇಟೆಯ ಚೌಡಪ್ಪ ಬಂದದ್ದು
ಅವರ ಬೀದಿಯಲ್ಲಿ ಕರೆಂಟು ಹೋದ ಹೊತ್ತಿಗೆ.
ತಲೆಗೂದಲಲ್ಲಿ ರೇಷ್ಮೆಯ ಒಂದೆಳೆ, ನಸುಗೆಂಪು,
ಅವರಿಗೇ ಗೊತ್ತಿಲ್ಲ.
"ನಡುಗೋದು ನಿಲ್ಲಿಸಿಬಿಟ್ಟಿದೆ ಕಣಪ್ಪಾ.
ಮಗ್ಗ ಓಡುವಾಗ ರಿಂಗು ಎಲ್ಲಿ ಕೇಳತ್ತೆ?
ಎದೆ ಜೇಬಲ್ಲಿಟ್ಟು ಈ ನಡುಕಾನೇ ನಂಬ್ಕೊಂಡಿದ್ದೆ.
ಭಾನುವಾರ ನಮ್ಮಕ್ಕ ದೊಡ್ಡಬಳ್ಳಾಪುರದಿಂದ ಬಂದು
ಮೆಜೆಸ್ಟಿಕ್ಕಲ್ಲಿ ನಿಂತು ಹನ್ನೊಂದು ಸಲ ಮಾಡಿದ್ಳಂತೆ.
ಮನೆ ಬದಲಾಯಿಸಿದ್ದೀವಲ್ಲ, ದಾರಿ ಗೊತ್ತಿಲ್ಲ.
ಹಲಸಿನ ತೊಳೆ ಡಬ್ಬಿ ಸಮೇತ ವಾಪಸ್ ಹೋದ್ಳು."

ಸೆಟ್ಟಿಂಗು ನೋಡಿದೆ. ಎಲ್ಲ ಆನ್ ಇತ್ತು.
ಆರಿಸಿ ಹೊತ್ತಿಸಿದೆ, ನಮ್ಮ ಕಸುಬಿನ ತೀರ್ಥ ಅದು,
ಅರ್ಧ ರೋಗ ಅದರಲ್ಲೇ ಹೋಗುತ್ತದೆ. ಹೋಗಲಿಲ್ಲ.
ಬಿಸಿಗಾಳಿ ಹಿಡಿದು ಬೆನ್ನು ಬಿಚ್ಚಿದೆ.
ಮೂಲೆಯಲ್ಲಿ ಮೋಟಾರು, ಅಂಗಿಯ ಗುಂಡಿಯಷ್ಟು.
ಅದರೊಳಗೊಂದು ಅರ್ಧಚಂದ್ರದ ತೂಕ, ಒಂದೇ ಕಡೆ ವಾಲಿದ್ದು,
ಬೇಕೆಂದೇ ಹಾಗೆ ಮಾಡಿರುತ್ತಾರೆ.
ಸಮವಾಗಿದ್ದರೆ ಅದು ಸುಮ್ಮನೆ ತಿರುಗುತ್ತದೆ,
ಯಾರನ್ನೂ ಕರೆಯುವುದಿಲ್ಲ.

ಮೀಟರಿನ ಎರಡು ಮೊನೆ ತಾಗಿಸಿದೆ.
ಮೋಟಾರಿಗೆ ಏನೂ ಆಗಿರಲಿಲ್ಲ.

ಮುಚ್ಚಿ, ನನ್ನ ಫೋನಿಂದ ರಿಂಗ್ ಕೊಟ್ಟೆ.
ಗಾಜಿನ ಮೇಲೆ ಏಡಿಯಂತೆ ಅಡ್ಡಡ್ಡ ನಡೆದು
ಮುಚ್ಚಳದ ಸ್ಕ್ರೂಗಳನ್ನೆಲ್ಲ ಚೆಲ್ಲಿತು.
"ನೋಡಿ ಯಜಮಾನ್ರೇ."
ಅಂಗೈಗೆ ಇಟ್ಟೆ. "ಏನೂ ಇಲ್ಲವಲ್ಲಾ."
ಎದೆ ಜೇಬಿಗೆ ಹಾಕಿದೆ. ಜೇಬಿನಂಚು ಅದುರುವುದು
ನನಗೆ ಕಾಣುತ್ತಿತ್ತು. ಅವರು ನನ್ನನ್ನೇ ನೋಡುತ್ತ ನಿಂತಿದ್ದರು,
ಯಾವಾಗ ಶುರು ಮಾಡ್ತೀಯಾ ಎನ್ನುವ ಹಾಗೆ.

ನಲವತ್ತೊಂದು ವರ್ಷದ ಪವರ್‌ಲೂಮು.
ಲಾಳಿ ಬಡಿದದ್ದೆಲ್ಲ ಎಲುಬಲ್ಲಿ ಜಮಾ ಆಗಿದೆ.
ಬೀದಿಯ ಕರೆಂಟು ಹೋದರೂ ಒಳಗಿನ ಮಗ್ಗ ನಿಂತಿಲ್ಲ.
ಬಿಲ್ ಪುಸ್ತಕದಲ್ಲಿ 'ದೋಷ' ಅಂತ ಒಂದು ಖಾನೆ ಇದೆ,
ಅದರಲ್ಲಿ ಫೋನಿನದ್ದು ಮಾತ್ರ ಬರೆಯಲು ಜಾಗ.

ಕೊನೆಗೆ ಕಿವಿಯ ಕೆಳಗೆ, ದವಡೆಗೆ ಒತ್ತಿ ಹಿಡಿದೆ.
"ಹಾಂ! ಹಲ್ಲಿಗೆ ಬಂತು!" ನಕ್ಕರು.
ಕಟ್ಟಿಸಿದ ಎರಡು ಹಲ್ಲು ಕಂಡವು.
"ಆದ್ರೆ ಇದನ್ನ ಕಚ್ಕೊಂಡು ನೇಯಕ್ಕಾಗತ್ತಾ?"

ಕರೆ ಬಂದರೆ ಹಿಂದಿನ ಲೈಟು ಮಿಣುಕುವ ಹಾಗೆ ಮಾಡಿಕೊಟ್ಟೆ.
ಮಗ್ಗದ ಎದುರಿಗೆ ನೇತುಹಾಕಿ, ಎಂದೆ.
ಬೇಡವೆಂದರೂ ಐವತ್ತು ಇಟ್ಟರು.
ಬಾಗಿಲಲ್ಲೇ ನಿಂತು ಅಕ್ಕನಿಗೆ ಫೋನು,
ಮಗ್ಗದವರು ಮಾತಾಡುವ ಹಾಗೆ, ಇಡೀ ರಸ್ತೆಗೆ ಕೇಳುವಂತೆ:
"ಹಲಸು ಉಳಿದಿದೆಯೇನೇ?"

ಅವರು ಹೋದ ಮೇಲೆ ಚಿಮುಟದಲ್ಲಿ ಒಂದೊಂದೇ
ಸ್ಕ್ರೂ ಆಯುತ್ತಿದ್ದೆ. ಮುಚ್ಚಳದಲ್ಲಿ ಅವು
ತಾವಾಗಿಯೇ ಸಣ್ಣಗೆ ಅಲುಗಿದವು, ನಿಂತವು.
ಐದಾರು ನಿಮಿಷ ಬಿಟ್ಟು ಮತ್ತೆ.
ಪಕ್ಕದ ಚಾರ್ಜರ್ ಅಂಗಡಿಯ ಮುಜಾಹಿದ್‌ನನ್ನು ಕೇಳಿದೆ.
"ಮೆಟ್ರೊ ಅಲ್ವಾ," ಎಂದ, ತಲೆ ಎತ್ತದೆ,
"ಚಿಕ್ಕಪೇಟೆ ಕೆಳಗಿಂದ. ಶುರುವಾದಾಗಿಂದ ಹೀಗೇ."

ಗಾಜಿನ ಮೇಲೆ ಕೈ ಒತ್ತಿಟ್ಟು
ಮುಂದಿನ ರೈಲಿಗೆ ಕಾದೆ.
ಸ್ಕ್ರೂಗಳು ಅಲುಗಿದವು.
ಕೈಗೆ ಏನೂ ತಿಳಿಯಲಿಲ್ಲ.