ಕರಡಿ ಕಾವಲಿನವನ ಮಾತು

ಅವರು ಹಕ್ಕಿ ಹಿಡಿಯುತ್ತಾರೆ, ನಾನು ಬಂದೂಕು.
ಹಿಮಕರಡಿ ಬಂದರೆ ನನಗೆ ಕೆಲಸ, ಬರದಿದ್ದರೂ ಕೂಲಿ ಉಂಟು.
ಇಕಾಲುಯಿತ್ ದಾಟಿದ ಮೇಲೆ ಬರೀ ಕಲ್ಲುಗುಪ್ಪೆ,
ಅದರೊಳಗೊಂದು ಬಿಳಿ ನಡುವಿನ ಹಕ್ಕಿ:
ಹಾರಿದರೆ ಮಿಂಚು, ಕೂತರೆ ಕಲ್ಲು.
ಎರಡು ಬೆಣಚುಕಲ್ಲು ತಾಕಿಸಿದ ಹಾಗೆ ಕೂಗು.

"ಕೀವಿಯಾ, ಸ್ವಲ್ಪ ಹಿಡಿದುಕೋ" ಅಂದಳು ಫ್ರೌಕೆ.
ಬಂದೂಕು ತೊಡೆಗೊರಗಿಸಿ ಹಿಡಿದೆ.
ಇಪ್ಪತ್ತೈದು ಗ್ರಾಮು. ನನ್ನ ಒಂದು ತೋಟಾದಷ್ಟು.
ಮುಷ್ಟಿಯೊಳಗೆ ಅದರ ಎದೆ, ಬಡಿತವಲ್ಲ ಅದು,
ಗುಡ್ಡದಾಚೆ ಯಾರೋ ಇಂಜಿನ್ ಹಚ್ಚಿಟ್ಟು ಮರೆತ ಹಾಗೆ.

ಹೋದ ವರ್ಷ ಬೆನ್ನಿಗೆ ಕಟ್ಟಿದ್ದ ಯಂತ್ರ ಬಿಚ್ಚಿಕೊಂಡರು.
ಅಷ್ಟು ದೂರದಿಂದ ಹೊತ್ತು ತಂದದ್ದೇನು?
ಬೆಳಕು, ಅಂದಳು. ಬೆಳಗು ಯಾವಾಗ, ಬೈಗು ಯಾವಾಗ, ಅಷ್ಟೇ.
ಅದರಿಂದಲೇ ಊರು ಲೆಕ್ಕ ಹಾಕುತ್ತಾರಂತೆ.

ರಾತ್ರಿ (ಜುಲೈ, ಕತ್ತಲೆಯಿಲ್ಲದ ರಾತ್ರಿ) ಡೇರೆಯೊಳಗೆ
ಪರದೆಯ ಮೇಲೆ ಗೆರೆ ಎಳೆದು ತೋರಿಸಿದಳು.
ನಮ್ಮವು ಬಲಕ್ಕೆ, ಕಡಲ ಮೇಲೆ, ನಾಲ್ಕು ದಿನ ಕಾಲೂರದೆ,
ಆಮೇಲೆ ತೆಂಕಣಕ್ಕೆ, ಮಾರಿಟೇನಿಯಾದ ಮರಳಿಗೆ.
ಅಲಾಸ್ಕಾದವು ಎಡಕ್ಕೆ: ಸೈಬೀರಿಯಾ, ಕಝಾಕರ ಹುಲ್ಲುಗಾವಲು,
ಅರಬರ ಮರುಭೂಮಿ, ಮೂರು ತಿಂಗಳು, ಕೀನ್ಯಾ.
ಒಂದೇ ಜಾತಿ, ಒಂದೇ ಬಿಳಿ ನಡು.
ಭೂಮಿಯನ್ನು ಆಚೆಗೊಂದು ಈಚೆಗೊಂದು ಕೈ ಚಾಚಿ ತಬ್ಬಿ
ಬೆರಳು ಕೂಡುವ ಮೊದಲೇ ನಿಂತುಬಿಟ್ಟ ಹಾಗಿತ್ತು.

"ಅಲಾಸ್ಕಾದ್ದಕ್ಕೆ ಮೆಕ್ಸಿಕೋ ಹತ್ತಿರವಲ್ಲವೇ?"
ಅಜ್ಜಂದಿರು ಬಂದ ದಾರಿ, ಅದಕ್ಕೆ ಬೇರೆ ಗೊತ್ತಿಲ್ಲ, ಅಂದಳು.
ನನಗೆ ನಗು. ನಮ್ಮ ಮನೆಯಲ್ಲೂ ಹೀಗೇ ಮಾತಾಡುತ್ತಿದ್ದರು.

ಗೆರೆ ಒಂದು ಕಡೆ ತುಂಡಾಗಿತ್ತು.
ಸೆಪ್ಟೆಂಬರ್ ಕೊನೆ. ಲೋಕಕ್ಕೆಲ್ಲ ಹಗಲೂ ಇರುಳೂ ಸಮ,
ಆಗ ಯಂತ್ರಕ್ಕೆ ಎಲ್ಲ ಊರೂ ಒಂದೇ ಊರು.
ಹದಿನೈದು ದಿನ ಹಕ್ಕಿ ಬಡಗಲೋ ತೆಂಕಲೋ ತಿಳಿಯದು.
ಅಲ್ಲಿ ಫ್ರೌಕೆ ಊಹಿಸುವುದಿಲ್ಲ, ಖಾಲಿ ಬಿಡುತ್ತಾಳೆ.
ಅದು ನನಗೆ ಹಿಡಿಸಿತು.

ಚಿಕ್ಕಮ್ಮ ನಪಾಚಿಯ ಕೊರಳಲ್ಲೊಂದು ನಂಬರಿನ ಬಿಲ್ಲೆಯಿತ್ತು,
ನಮ್ಮ ಹೆಸರು ಸರಕಾರದ ನಾಲಿಗೆಗೆ ಹೊರಳದ ಕಾಲ.
ಬೇಸಿಗೆಯ ಹಡಗು ಬಂತು, ಎದೆಯ ಫೋಟೋ ತೆಗೆಯಿತು,
ಕ್ಷಯ ಅಂದಿತು, ದಡಕ್ಕೆ ಇಳಿಯಗೊಡಲಿಲ್ಲ.
ಒಲೆಯ ಮೇಲೆ ಸೀಲ್ ಮಾಂಸ ಬೇಯುತ್ತಿತ್ತಂತೆ.
ಒಂದು ಕಾಗದ ಬಂತು:
ಇಲ್ಲಿ ಮರಗಳು ಅಡ್ಡ, ಏನೂ ಕಾಣುವುದಿಲ್ಲ.
ಆಮೇಲೆ ಕಾಗದವಿಲ್ಲ, ಗೋರಿಯ ಗುರುತಿಲ್ಲ,
ಬಿಲ್ಲೆ ಯಾವ ಡ್ರಾಯರಿನಲ್ಲಿದೆಯೋ.
ಅಮ್ಮನಿಗೆ ಕೊನೆಯವರೆಗೂ ತಂಗಿ ಸತ್ತವಳಲ್ಲ,
ದಾರಿಯಲ್ಲಿರುವವಳು.

ಇದನ್ನು ಫ್ರೌಕೆಗೆ ಹೇಳಲಿಲ್ಲ.
ಅವಳು ಕೇಳಿದ್ದು ಹೊಳೆದಂಡೆಯ ಹೆಜ್ಜೆ ಹಳೆಯದೋ ಹೊಸದೋ ಎಂದು.
ಹಳೆಯದು, ಅಂದೆ.

ಹಕ್ಕಿಗೆ ಮತ್ತೆ ಏನೂ ಕಟ್ಟಲಿಲ್ಲ.
ಮುಷ್ಟಿ ಬಿಚ್ಚಿದೆ. ಒಂದು ಗಳಿಗೆ ಅಲ್ಲೇ ಕೂತಿತ್ತು,
ಅಂಗೈ ಎಂಬುದೂ ಒಂದು ಕಲ್ಲೇ ಎಂದು ತಿಳಿದು.
ಇನ್ನೊಂದು ತಿಂಗಳು ಹುಳ, ಕಪ್ಪು ಹಣ್ಣು ತಿಂದು ತಿಂದು
ಎರಡು ತೋಟಾದಷ್ಟು ತೂಕವಾಗಿ
ಯಾವುದೋ ರಾತ್ರಿ ಯಾರಿಗೂ ಹೇಳದೆ ಹೊರಡುವುದು.

ಈಗ ಸೆಪ್ಟೆಂಬರ್. ಅವರೆಲ್ಲ ಊರಿಗೆ ಹೋದರು.
ಎಣ್ಣೆ ಕಂಪನಿಯ ಕ್ಯಾಲೆಂಡರಿನ ಚೌಕಗಳಲ್ಲಿ
ಬೆಳಗಾದ ಹೊತ್ತು, ಬೈಗಾದ ಹೊತ್ತು ಬರೆಯುತ್ತಿದ್ದೇನೆ,
ಆ ಹದಿನೈದು ದಿನವೂ.
ಹೆಂಡತಿ ಕೇಳಿದಳು, ಇದೇನು ಹೊಸ ಚಟ?
ಕರಡಿ ಬರಲಿಲ್ಲ, ಅಂದೆ. ಕೂಲಿ ಬಂದಿದೆ.